ಮಿಲ್ಲಿನ ಬೂದಿ, ಪೇಟೆಯ ಬೀದಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಊರುಗಳ ಪೇಟೆಯಲ್ಲಿ ಮಳೆಗಾಲ ಕಳೆದವರಿಗೆ ನಾವು ಹೇಳಹೊರಟಿರುವ ಸಂಕಟ ಹೊಸದಲ್ಲ. ಒಂದು ಗಂಟೆ ಜೋರು ಮಳೆ ಹೊಡೆದರೆ ಸಿ.ಸಿ. ರಸ್ತೆ ಕಾಲುವೆಯಾಗುತ್ತದೆ. ಚರಂಡಿ ಕಟ್ಟಿಕೊಂಡು ಕೊಳಕು ನೀರು ದಿನಸಿ ಅಂಗಡಿಯ ಮೆಟ್ಟಿಲು ಹತ್ತುತ್ತದೆ. ಕೆಳಸಾಲಿನ ಮೂಟೆ ನೆನೆದು ವರ್ತಕನ ಗಂಟಿಗೆ ಕತ್ತರಿ ಬೀಳುತ್ತದೆ. ಬೇಸಗೆ ಬಂತೆಂದರೆ ಅದೇ ಬೀದಿಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯುವ ಸಾಲು. ಬಿದ್ದ ನೀರು ಎಲ್ಲಿ ಹೋಯಿತು? ನೆಲಕ್ಕೆ ಇಳಿಯಲು ದಾರಿಯಿಲ್ಲದೆ ಚರಂಡಿ ಹಿಡಿದು ಊರು ಬಿಟ್ಟು ಹೋಯಿತು.

2019ರ ಆಗಸ್ಟಿನಲ್ಲಿ ಕಬಿನಿಯೂ ಲಕ್ಷ್ಮಣತೀರ್ಥವೂ ದಡ ಮೀರಿದವು. ನಾಲ್ಕೇ ವರ್ಷ ಕಳೆದು, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರವೇ ಬರಪೀಡಿತವೆಂದು ಸಾರಬೇಕಾಯಿತು. ಒಂದು ವರ್ಷ ಹೊಳೆ ಮನೆಯೊಳಗೆ, ಇನ್ನೊಂದು ವರ್ಷ ಬಾವಿಯಲ್ಲಿ ಕೆಸರು. ಇದನ್ನೆಲ್ಲ ದೇವರ ಲೆಕ್ಕಕ್ಕೆ ಬರೆದುಬಿಡುವುದು ಆಳುವವರಿಗೆ ಅನುಕೂಲ. ಮಳೆ ಬರಿಸುವುದೂ ನಿಲ್ಲಿಸುವುದೂ ಪುರಸಭೆಯ ಕೈಯಲ್ಲಿಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಬೀದಿಗೆ ಏನನ್ನು ಹಾಸಬೇಕೆಂಬುದು ಖಂಡಿತವಾಗಿ ಅದರ ಕೈಯಲ್ಲೇ ಇದೆ. ಪ್ರಜೆಗಳು ಕೇಳಬೇಕಾದುದು ಈ ಕೈಯಲ್ಲಿರುವುದರ ಲೆಕ್ಕವನ್ನು.

ನೀರನ್ನು ತಡೆಯದೆ ಕೆಳಗಿಳಿಸುವ ಕಾಂಕ್ರೀಟು ಎಂಬುದೊಂದು ಇದೆ. ಅದರ ಮರ್ಮವನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಜಾತ್ರೆಯ ಪುರಿ ಉಂಡೆಯನ್ನು ನೋಡಿದರೆ ಸಾಕು. ಬೆಲ್ಲದ ಪಾಕ ಪ್ರತಿಯೊಂದು ಪುರಿಗೂ ತೆಳುವಾಗಿ ಸವರಿಕೊಂಡು ಒಂದನ್ನೊಂದು ಅಂಟಿಸುತ್ತದೆ, ನಡುವೆ ಸಂದುಗಳು ಹಾಗೆಯೇ ಉಳಿಯುತ್ತವೆ. ಈ ಕಾಂಕ್ರೀಟಿನಲ್ಲಿ ಪುರಿಯ ಜಾಗದಲ್ಲಿ ಒಂದೇ ಗಾತ್ರದ ಜಲ್ಲಿ, ಪಾಕದ ಜಾಗದಲ್ಲಿ ಸಿಮೆಂಟಿನ ಗಂಜಿ. ಮರಳನ್ನು ಬಿಟ್ಟುಬಿಡುತ್ತಾರೆ, ಇಲ್ಲವೆ ಬಹಳ ಕಡಿಮೆ ಹಾಕುತ್ತಾರೆ. ನೂರು ಪಾಲಿನಲ್ಲಿ 15ರಿಂದ 25 ಪಾಲು ಬರಿಯ ಸಂದು. ಚೆನ್ನಾಗಿ ಹಾಸಿದ ಒಂದು ಚದರ ಮೀಟರು ಜಾಗ ನಿಮಿಷಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ಕುಡಿಯಬಲ್ಲದು. ಅದರ ಕೆಳಗೆ ದಪ್ಪ ಜಲ್ಲಿಯ ಹಾಸು ಹಾಕಿದರೆ ನೀರು ಅಲ್ಲಿ ತಂಗಿ, ನಿಧಾನವಾಗಿ ಮಣ್ಣಿಗೆ ಇಳಿಯುತ್ತದೆ. ಮರಳಿಲ್ಲದ ಕಾಂಕ್ರೀಟಿಗೆ ನಮ್ಮ ದೇಶದ ಮಾನಕ ಸಂಸ್ಥೆ 1989ರಲ್ಲೇ ನಿಯಮಾವಳಿ ಪ್ರಕಟಿಸಿದೆ. ಆದುದರಿಂದ ಇದು ಕನಸಿನ ಮಾತಲ್ಲ, ಕಡತದಲ್ಲಿ ಮಲಗಿರುವ ಮಾತು.

ಲೆಕ್ಕವನ್ನು ಓದುಗರೇ ಹಾಕಿ ನೋಡಲಿ. ನೂರು ಮೀಟರು ಉದ್ದ, ಆರು ಮೀಟರು ಅಗಲದ ಒಂದು ಪೇಟೆಬೀದಿಯ ವಿಸ್ತೀರ್ಣ 600 ಚದರ ಮೀಟರು. ವರ್ಷಕ್ಕೆ 700 ಮಿಲಿಮೀಟರು ಮಳೆಯೆಂದು ಹಿಡಿದರೆ ಆ ಒಂದೇ ಬೀದಿಯ ಮೇಲೆ ಬೀಳುವ ನೀರು 4,20,000 ಲೀಟರು. ಅದರಲ್ಲಿ ಅರ್ಧ ಆವಿಯಾಗಿ, ಹರಿದು, ವ್ಯರ್ಥವಾದರೂ ಉಳಿದರ್ಧ ನಮ್ಮ ಬಾವಿಗಳ ಪಾಲು. ಇದಕ್ಕೆ ಪೈಪು ಬೇಡ, ಮೋಟಾರು ಬೇಡ, ಯಾವ ಮಂತ್ರಿಯಿಂದಲೂ ಉದ್ಘಾಟನೆ ಬೇಡ.

ಹಾಗಾದರೆ ತಡೆ ಎಲ್ಲಿದೆ? ಮೊದಲನೆಯ ತಡೆ ಸಿಮೆಂಟಿನ ಬೆಲೆ. ಅದನ್ನು ಕಟ್ಟುವವರು ಯಾರು ಎಂಬುದನ್ನು ಸ್ವಲ್ಪ ನೋಡೋಣ. 2012ರಲ್ಲಿ ಭಾರತದ ಸ್ಪರ್ಧಾ ಆಯೋಗವು 11 ಸಿಮೆಂಟ್ ಕಂಪನಿಗಳೂ ಅವುಗಳ ಸಂಘವೂ ಒಳಗೊಳಗೇ ಕೂಡಿಕೊಂಡು ಬೆಲೆ ಏರಿಸಿದವೆಂದು ತೀರ್ಪಿತ್ತು ಸುಮಾರು 6,300 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿ ಹೂಡಿದವು. 2016ರಲ್ಲಿ ಆಯೋಗ ಮತ್ತೆ ದಂಡ ವಿಧಿಸಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತಕ್ಕಡಿಯಲ್ಲಿ ಹತ್ತು ಗ್ರಾಂ ಕಡಿಮೆ ತೂಗಿದ ಸಂತೆ ವ್ಯಾಪಾರಿಯನ್ನು ಅದೇ ದಿನ ಹಿಡಿದು ದಂಡ ಹಾಕುವ ರಾಜ್ಯವ್ಯವಸ್ಥೆಯಲ್ಲಿ ದೊಡ್ಡವರ ದಂಡಕ್ಕೆ ವರುಷಗಳ ಮೇಲೆ ವರುಷಗಳು ಬೇಕು. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿ.ಎಸ್‌.ಟಿ. ಶೇಕಡ 28ರಿಂದ 18ಕ್ಕೆ ಇಳಿಯಿತು. ಇಳಿದ ಆ ಹತ್ತು ಪಾಲು ಕೊಳ್ಳುವವನ ಜೇಬಿಗೆ ಪೂರ್ತಿಯಾಗಿ ಬಂತೇ, ನಡುವೆ ಎಲ್ಲಾದರೂ ಸೋರಿತೇ ಎಂಬುದನ್ನು ನಮ್ಮ ಸಣ್ಣ ವರ್ತಕರು ತಮ್ಮ ಬಿಲ್ಲುಗಳನ್ನು ತೆಗೆದು ತಾವೇ ನೋಡಿಕೊಳ್ಳಲಿ.

ಬೆಲೆಯ ಮಾತು ಹಾಗಿರಲಿ. ಸಿಮೆಂಟು ಬೇಯಿಸಲು 1,450 ಡಿಗ್ರಿ ಕಾವು ಬೇಕು. ಸುಣ್ಣಕಲ್ಲು ಒಡೆದು ಅನಿಲ ಹೊರಬೀಳುತ್ತದೆ, ಕಲ್ಲಿದ್ದಲು ಉರಿದು ಮತ್ತಷ್ಟು. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುತ್ತಿರುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಗೂಡುಗಳದ್ದು. ಆ ಹೊಗೆಯ ಫಲವನ್ನು ಮಳೆ ಕೆಟ್ಟು ಮೊದಲು ಉಣ್ಣುವವರು ಎಚ್‌.ಡಿ. ಕೋಟೆಯ ಒಣ ಬೇಸಾಯಗಾರರು, ಸಿಮೆಂಟ್ ಕಂಪನಿಯ ಪಾಲುದಾರರಲ್ಲ.

ಸಿಮೆಂಟಿಲ್ಲದೆ ಗಟ್ಟಿ ಕೆಲಸ ಹೇಗಾದೀತು ಎಂದು ಕೇಳುವವರಿಗೆ ನಾವು ದೂರದ ದೇಶವನ್ನು ತೋರಿಸಬೇಕಾಗಿಲ್ಲ. ಕೆ.ಆರ್. ನಗರದವರು ತಮ್ಮ ಊರ ಮುಂದೆ ಹರಿಯುವ ಕಾವೇರಿಯ ದಾರಿ ಹಿಡಿದು ಹೋದರೆ ಕನ್ನಂಬಾಡಿ ಕಟ್ಟೆ ಸಿಕ್ಕುತ್ತದೆ. 1911ರಲ್ಲಿ ಕೆಲಸ ಆರಂಭವಾದಾಗ ಈ ದೇಶದಲ್ಲಿ ಸಿಮೆಂಟಿನ ಕಾರ್ಖಾನೆ ಊರಿರಲಿಲ್ಲ. ಅದು ಹಡಗಿನಲ್ಲಿ ಬರಬೇಕಾದ ಸಾಮಾನಾಗಿತ್ತು. ವಿಶ್ವೇಶ್ವರಯ್ಯನವರೂ ಅವರ ಕೈಕೆಳಗಿನ ಇಂಜಿನಿಯರುಗಳೂ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯಿಂದ ಆ ಕಲ್ಲುಕಟ್ಟಡವನ್ನು ಎಬ್ಬಿಸಿದರು. ಎರಡೂವರೆ ಕಿಲೋಮೀಟರಿಗೂ ಉದ್ದವಾದ ಆ ಕಟ್ಟೆ 1931ರ ವೇಳೆಗೆ ಮುಗಿದು, ಇಂದಿಗೂ 124.8 ಅಡಿ ನೀರು ಹೊತ್ತು ನಿಂತಿದೆ. ಅದರಡಿ ಹಳೆಯ ಕನ್ನಂಬಾಡಿ ಮುಳುಗಿತು, ಸಾವಿರಾರು ಕೂಲಿಗಾರರ ಬೆವರು ಇಂಗಿತು. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲವೆಂಬುದನ್ನು ನಾವು ಮರೆತಿಲ್ಲ. ಆದರೂ ಆ ಕಟ್ಟೆ ಒಂದು ಪಾಠವನ್ನು ಹೇಳುತ್ತಲೇ ಇದೆ: ಹಡಗಿನ ಸಾಮಾನಿಗೆ ಕಾಯದೆ ನಮ್ಮ ಮಣ್ಣು, ನಮ್ಮ ಸುಣ್ಣ, ನಮ್ಮ ಗೂಡಿನ ಪುಡಿಯಿಂದ ದೊಡ್ಡ ಕೆಲಸ ಸಾಧ್ಯ.

ಆ ಗಾರೆಯ ಗುಟ್ಟೇ ಇಂದಿನ ಬೂದಿಯ ಗುಟ್ಟು. ಇಟ್ಟಿಗೆ ಪುಡಿಯಲ್ಲಿ, ಹೊಟ್ಟಿನ ಬೂದಿಯಲ್ಲಿ, ವಿದ್ಯುತ್ ಕೇಂದ್ರದ ಹಾರುಬೂದಿಯಲ್ಲಿ ಸಿಲಿಕಾ ಎಂಬ ಪದಾರ್ಥವಿದೆ. ಅದು ತಾನಾಗಿ ಅಂಟುವುದಿಲ್ಲ. ಸುಣ್ಣವೂ ನೀರೂ ಜತೆಯಾದರೆ ನಿಧಾನವಾಗಿ ಕಲ್ಲಾಗುತ್ತದೆ. ಸಿಮೆಂಟು ನೀರು ಕುಡಿದಾಗ ಒಂದಿಷ್ಟು ಸುಣ್ಣ ತಾನೇ ಹೊರಬೀಳುತ್ತದೆ. ಬೂದಿ ಅದನ್ನು ಹಿಡಿದು ಗಟ್ಟಿಯಾಗುತ್ತದೆ. ಆದುದರಿಂದಲೇ ಸಿಮೆಂಟಿನ ಒಂದು ಪಾಲನ್ನು ತೆಗೆದು ಬೂದಿ ಹಾಕಲು ಬರುತ್ತದೆ. ಅಂಗಡಿಯಲ್ಲಿ ಪಿ.ಪಿ.ಸಿ. ಎಂದು ಮಾರುವ ಚೀಲದಲ್ಲಿ ಈಗಾಗಲೇ ಶೇಕಡ 35ರವರೆಗೆ ಹಾರುಬೂದಿ ಇರಲು ನಿಯಮ ಒಪ್ಪುತ್ತದೆ, ಪಿ.ಎಸ್‌.ಸಿ. ಚೀಲದಲ್ಲಿ ಕಬ್ಬಿಣ ಕರಗಿಸಿದ ಕಿಟ್ಟದ ಪುಡಿ ಶೇಕಡ 70ರವರೆಗೆ ಇರಬಹುದು. ಕಂಪನಿಗಳು ಬೂದಿಯನ್ನು ಹೊನ್ನು ಮಾಡುವ ವಿದ್ಯೆಯನ್ನು ಎಂದೋ ಕಲಿತಿವೆ. ಕಲಿಯದೆ ಉಳಿದವರು ಬೂದಿ ಹೊರುವವರು ಮಾತ್ರ.

ಸಿಮೆಂಟನ್ನು ಪೂರ್ತಿಯಾಗಿ ಬಿಡುವ ದಾರಿಯೂ ಇದೆ. ಹಾರುಬೂದಿ, ಕಿಟ್ಟದ ಪುಡಿಗಳಿಗೆ ಕಾಸ್ಟಿಕ್ ಸೋಡಾ, ಸೋಡಿಯಂ ಸಿಲಿಕೇಟುಗಳಂಥ ಕ್ಷಾರ ಬೆರೆಸಿದರೆ ಸಿಮೆಂಟಿನ ಹಂಗಿಲ್ಲದೆ ಗಟ್ಟಿಯಾಗುತ್ತದೆ. ಇಂಥ ಕಾಂಕ್ರೀಟಿನಿಂದ ಅಚ್ಚಿನಲ್ಲಿ ಎರಕ ಹೊಯ್ದ ಸಾಮಾನು ಮಾಡಲು ಮಾನಕ ಸಂಸ್ಥೆ 2020ರಲ್ಲಿ ಮಾರ್ಗದರ್ಶಿಯನ್ನೂ ಹೊರಡಿಸಿದೆ. ಬೀದಿಯಲ್ಲಿ ನಿಂತು ಕ್ಷಾರ ಕಲಸುವುದು ತರವಲ್ಲ. ಷೆಡ್ಡಿನಲ್ಲಿ ಬಿಲ್ಲೆಗಳನ್ನು ಮಾಡಿ ತಂದು ಹಾಸುವುದು ಸುರಕ್ಷಿತ.

ನಮ್ಮ ಹತ್ತಿರ ಏನಿದೆ? ಕೆ.ಆರ್. ನಗರದ ಅಕ್ಕಿ ಗಿರಣಿಗಳಿವೆ. ನೂರು ಕ್ವಿಂಟಲ್ ಭತ್ತ ಕುಟ್ಟಿದರೆ ಸುಮಾರು 20 ಕ್ವಿಂಟಲ್ ಹೊಟ್ಟು. ಅಷ್ಟು ಹೊಟ್ಟು ಉರಿಸಿದರೆ ಸುಮಾರು ನಾಲ್ಕು ಕ್ವಿಂಟಲ್ ಬೂದಿ. ದಿನಕ್ಕೆ ನೂರು ಕ್ವಿಂಟಲ್ ಕುಟ್ಟುವ ಗಿರಣಿಯೊಂದು 300 ದಿನ ನಡೆದು ತನ್ನ ಹೊಟ್ಟನ್ನೆಲ್ಲ ಉರಿಸಿದರೆ 120 ಟನ್ ಬೂದಿ. ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವಾಗ ಸಿಪ್ಪೆ ಉರಿದ ಬೂದಿ ಬರುತ್ತದೆ. ಇಟ್ಟಿಗೆ ಗೂಡುಗಳಲ್ಲಿ ಒಡೆದ ಇಟ್ಟಿಗೆ ರಾಶಿ ಬಿದ್ದಿರುತ್ತದೆ. ಹಾರುಬೂದಿ ಬೇಕೆಂದರೆ ರಾಯಚೂರಿನ ಶಕ್ತಿನಗರದಿಂದಲೋ ಬಳ್ಳಾರಿಯ ಕುಡಿತಿನಿಯಿಂದಲೋ, ಕಿಟ್ಟ ಬೇಕೆಂದರೆ ತೋರಣಗಲ್ಲಿನಿಂದಲೋ ತರಬೇಕು. ಲಾರಿ ಬಾಡಿಗೆ ಬೂದಿಯ ಬೆಲೆಯನ್ನು ಮೀರೀತು. ವಿದ್ಯುತ್ ಕೇಂದ್ರಗಳು ತಮ್ಮ ಬೂದಿಯನ್ನು ಪೂರ್ತಿಯಾಗಿ ಉಪಯೋಗಕ್ಕೆ ಒಪ್ಪಿಸಬೇಕೆಂದೂ, ಉಳಿಸಿಕೊಂಡ ಬೂದಿಗೆ ಟನ್ನಿಗೆ 1,000 ರೂಪಾಯಿ ಪರಿಹಾರ ತೆರಬೇಕೆಂದೂ ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಆಜ್ಞೆ ಹೊರಡಿಸಿದೆ. ಆದರೂ ಕೈಗೆ ಹತ್ತಿರವಾದುದರಿಂದ ಆರಂಭಿಸುವುದು ಬುದ್ಧಿವಂತಿಕೆ.

ಮೊದಲು ಹೇಳಿದ ಅದೇ ಬೀದಿಯನ್ನು 15 ಸೆಂಟಿಮೀಟರು ದಪ್ಪಕ್ಕೆ ಹಾಸಿದರೆ 90 ಘನ ಮೀಟರು ಕಾಂಕ್ರೀಟು. ಘನ ಮೀಟರಿಗೆ 300 ಕಿಲೋ ಸಿಮೆಂಟಿನಂತೆ 27 ಟನ್, ಅಂದರೆ 540 ಚೀಲ. ಅದರಲ್ಲಿ ಐದನೆಯ ಒಂದು ಪಾಲು ಹೊಟ್ಟಿನ ಬೂದಿಯಾದರೆ 108 ಚೀಲ ಉಳಿತಾಯ. ಬೇಕಾದ ಬೂದಿ ಐದೂವರೆ ಟನ್ನಿಗೂ ಕಡಿಮೆ. ಒಂದು ಗಿರಣಿಯ ಒಂದು ವರ್ಷದ ಬೂದಿ ಇಂಥ ಇಪ್ಪತ್ತಕ್ಕೂ ಹೆಚ್ಚು ಬೀದಿಗಳಿಗೆ ಸಾಲುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾವೂ ಗುತ್ತಿಗೆದಾರರ ದಲ್ಲಾಳಿಗಳ ಹಾಗೆ ಮಾತಾಡಿದಂತಾದೀತು. ಬೂದಿಯೆಲ್ಲ ಒಂದೇ ಅಲ್ಲ. ಹೊಟ್ಟನ್ನು ಹದವಾಗಿ, ಸುಮಾರು 700 ಡಿಗ್ರಿ ಮೀರದ ಕಾವಿನಲ್ಲಿ ಉರಿಸಿ ನುಣ್ಣಗೆ ಅರೆದರೆ ಮಾತ್ರ ಅದು ಸುಣ್ಣದ ಜತೆ ಚೆನ್ನಾಗಿ ಕೂಡುತ್ತದೆ. ಕಾವು ಮೀರಿದರೆ ಸಿಲಿಕಾ ಹರಳುಗಟ್ಟಿ ಜಡವಾಗುತ್ತದೆ. ಅರೆಬೆಂದ ಕರಿಬೂದಿ ನೀರನ್ನು ಹೀರಿ ಕೆಲಸ ಕೆಡಿಸುತ್ತದೆ. ಪಿರಿಯಾಪಟ್ಟಣ, ಹುಣಸೂರುಗಳ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಸೌದೆ ಉರಿದು ಉಳಿಯುವ ಬೂದಿ ಈ ಕೆಲಸಕ್ಕೆ ಬಾರದು; ಅದರಲ್ಲಿ ಪೊಟ್ಯಾಷು ಹೆಚ್ಚು, ಅದು ಹೊಲಕ್ಕೆ ಹಿಂದಿರುಗಲಿ. ಬೂದಿ ಬೆರೆಸಿದ ಕಾಂಕ್ರೀಟು ನಿಧಾನವಾಗಿ ಗಟ್ಟಿಯಾಗುವುದರಿಂದ ಏಳು ದಿನವಾದರೂ ತೇವ ಆರದಂತೆ ಮುಚ್ಚಿಡಬೇಕು. ಸಂದುಗಳುಳ್ಳ ಕಾಂಕ್ರೀಟಿಗೆ ಸಾದಾ ಕಾಂಕ್ರೀಟಿನ ಬಲವೂ ಇರದು. ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಓಡುವ ಲಾರಿಗಳಿಗೆ ಇದು ತಕ್ಕುದಲ್ಲ. ಸಂತೆ ಮಾಳ, ಕಾಲುಹಾದಿ, ಬಸ್ ನಿಲ್ದಾಣದಲ್ಲಿ ಜನ ನಿಲ್ಲುವ ಜಾಗ, ಶಾಲೆಯ ಅಂಗಳ, ಸೈಕಲ್ಲು ಆಟೋ ಓಡಾಡುವ ಒಳಬೀದಿ ಇವೇ ಇದರ ಜಾಗ. ನಾಲೆಯ ನೀರು ನಿಂತು ನೆಲ ಮೊದಲೇ ತೊಯ್ದಿರುವ ಗದ್ದೆ ಬಯಲಿನ ಪಕ್ಕದಲ್ಲಿ ಇದನ್ನು ಹಾಸಿ ಫಲವಿಲ್ಲ; ಕಕ್ಕಸಿನ ನೀರು ಹರಿಯುವ ಚರಂಡಿಯ ಒತ್ತಿನಲ್ಲಿ ಹಾಸಿದರೆ ಕೊಳಕೇ ಬಾವಿಗಿಳಿದೀತು.

ದೂಳು ಕೂತು ಸಂದುಗಳು ಮುಚ್ಚಿಹೋಗುವುದು ಇದರ ದೊಡ್ಡ ರೋಗ. ವರ್ಷಕ್ಕೊಂದೆರಡು ಸಲ ಒತ್ತಡದ ನೀರಿನಿಂದಲೋ ಹೀರುವ ಯಂತ್ರದಿಂದಲೋ ತೊಳೆಯದಿದ್ದರೆ ನಾಲ್ಕು ವರ್ಷದಲ್ಲಿ ಅದೂ ಹಳೆಯ ಸಿ.ಸಿ. ರಸ್ತೆಯೇ. ಕಟ್ಟುವ ದಿನ ಹಾರ ಹಾಕಿಸಿಕೊಂಡು, ತೊಳೆಯುವ ದಿನ ಹಣವಿಲ್ಲವೆನ್ನುವುದು ನಮ್ಮ ಸ್ಥಳೀಯ ಸಂಸ್ಥೆಗಳ ಹಳೆಯ ಚಾಳಿ. ತೊಳೆಯುವ ಖರ್ಚನ್ನು ಮೊದಲೇ ಅಂದಾಜು ಪಟ್ಟಿಯಲ್ಲಿ ಸೇರಿಸದೆ ಒಂದು ಅಡಿ ಕೂಡ ಹಾಸಬಾರದೆಂಬುದು ನಮ್ಮ ಅಭಿಪ್ರಾಯ. ಹಾಗೂ ಆ ಕೆಲಸವನ್ನು ಯಂತ್ರ ಕೊಡದೆ, ಕೂಲಿ ಕೂಡಿಸದೆ, ಪೌರಕಾರ್ಮಿಕರ ಬೆನ್ನಿಗೆ ಹೊರಿಸಿದರೆ ಅದನ್ನು ಎದುರಿಸುವವರಲ್ಲಿ ನಾವೇ ಮೊದಲಿಗರು.

ಈಗ ಮುಖ್ಯ ಮಾತಿಗೆ ಬರೋಣ. ಬೂದಿ ಕಸವಾಗಿದ್ದಾಗ ಅದು ಯಾರ ಪಾಲಿಗಿತ್ತು? ಗಿರಣಿಯಲ್ಲಿ ಅದನ್ನು ಎಳೆದು ತೆಗೆಯುವ ಕೂಲಿಯ ಎದೆಗೂಡಿನ ಪಾಲಿಗೆ, ಗಿರಣಿಯ ಹಿಂದಿನ ಕೇರಿಯ ಹೆಂಗಸರು ಒಣಹಾಕಿದ ಬಟ್ಟೆಯ ಪಾಲಿಗೆ. ಅದೇ ಬೂದಿಗೆ ನಾಳೆ ಬೆಲೆ ಬಂದರೆ ಯಾರ ಪಾಲಾದೀತು? ಕಾನೂನಿನ ಕಣ್ಣಿನಲ್ಲಿ ಗಿರಣಿಯ ಮಾಲೀಕನದು. ನಷ್ಟ ಎಲ್ಲರದು, ಲಾಭ ಒಬ್ಬನದು ಎಂಬ ಈ ಸೂತ್ರವನ್ನು ಒಪ್ಪಿಕೊಂಡು ಬೂದಿಯ ಗುಣಗಾನ ಮಾಡುವುದು ಸಮಾಜವಾದಿಗಳ ಕೆಲಸವಲ್ಲ. ದೂಳು ಕುಡಿದವನಿಗೆ ಬೆಲೆಯಲ್ಲಿಯೂ ಪಾಲು ಸಿಕ್ಕಬೇಕು.

ದೂಳಿನ ವಿಷಯ ತಮಾಷೆಯದಲ್ಲ. ಹರಳುಗಟ್ಟಿದ ಸಿಲಿಕಾ ದೂಳು ಪುಪ್ಪುಸಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ; ಬಂದ ಮೇಲೆ ಅದನ್ನು ವಾಸಿ ಮಾಡುವ ಔಷಧವಿಲ್ಲ. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಸಿಯುತ್ತದೆ. ಬೂದಿಯನ್ನು ಒದ್ದೆ ಮಾಡಿ ಸಾಗಿಸುವುದು, ಅರೆಯುವ ಯಂತ್ರಕ್ಕೆ ಮುಚ್ಚಳ, ಮುಖಕ್ಕೆ ತಕ್ಕ ಮಾಸ್ಕು, ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಇವು ದಯೆಯಿಂದ ಕೊಡುವ ಇನಾಮುಗಳಲ್ಲ, ಕೆಲಸದ ಮೊದಲ ಷರತ್ತುಗಳು. ಪರಿಸರ ರಕ್ಷಣೆಯ ಹೆಸರಿನಲ್ಲಿ ಕಾರ್ಮಿಕನ ಪುಪ್ಪುಸ ಬಲಿಯಾಗುವುದಾದರೆ ಆ ರಕ್ಷಣೆ ನಮಗೆ ಬೇಡ.

ರಾಮಮನೋಹರ ಲೋಹಿಯಾ ಅವರು ಸಣ್ಣ ಯಂತ್ರದ ಮಾತನ್ನು ಆಡಿದ್ದು ಇದಕ್ಕಾಗಿಯೇ. ದೊಡ್ಡ ಬಂಡವಾಳ ಬೇಡದ, ಹತ್ತಾರು ಕೈಗಳಿಗೆ ಕೆಲಸ ಕೊಡುವ, ಊರಿನ ಸಾಮಾನಿನಿಂದಲೇ ನಡೆಯುವ ಯಂತ್ರ. ಒಂದು ಅರೆಯುವ ಯಂತ್ರ, ಒಂದು ಕಲಸುವ ಯಂತ್ರ, ಕೆಲವು ಅಚ್ಚುಗಳು, ಒಂದು ಷೆಡ್ಡು ಇದ್ದರೆ ನೀರಿಳಿಯುವ ಬಿಲ್ಲೆಗಳನ್ನು ಮಾಡುವ ಸಹಕಾರ ಸಂಘವನ್ನು ತಾಲ್ಲೂಕಿಗೊಂದರಂತೆ ಕಟ್ಟಬಹುದು. ಹಂಗಾಮು ಮುಗಿದು ಗಿರಣಿಯಿಂದ ಹೊರಬಿದ್ದ ಕೂಲಿಗಾರರು, ಗಾರೆ ಕೆಲಸದ ಮೇಸ್ತ್ರಿಗಳು ಅದರ ಸದಸ್ಯರಾಗಲಿ. ಹೊರಗಿನ ದೊಡ್ಡ ಗುತ್ತಿಗೆದಾರ ಬಂದು ಇದನ್ನೂ ನುಂಗಿದರೆ ಹೆಸರು ಮಾತ್ರ ಹೊಸದು, ಕಥೆ ಹಳೆಯದು.

ಆದುದರಿಂದ ನಾಲ್ಕು ಊರುಗಳ ನಗರಸಭೆ, ಪುರಸಭೆಗಳ ಮುಂದೆ ನಾವು ಇಡುವ ಬೇಡಿಕೆ ದೊಡ್ಡದೇನಲ್ಲ. ಒಂದನೆಯದು, ಪ್ರತಿ ಊರಿನಲ್ಲಿ ಒಂದೇ ಒಂದು ಒಳಬೀದಿಯನ್ನೋ ಸಂತೆಯ ಒಂದು ಮೂಲೆಯನ್ನೋ ಆರಿಸಿ ಪರೀಕ್ಷೆಗಾಗಿ ಹಾಸಬೇಕು. ಅರ್ಧ ಸಾದಾ ಸಿಮೆಂಟಿನಿಂದ, ಅರ್ಧ ಬೂದಿ ಬೆರೆಸಿದುದರಿಂದ. ಎರಡನೆಯದು, ಬೂದಿಯನ್ನೂ ಕಾಂಕ್ರೀಟನ್ನೂ ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಕಛೇರಿಯ ಗೋಡೆಗೆ ಅಂಟಿಸಬೇಕು. ಮೂರನೆಯದು, ಕೆಲಸ ನಡೆಯುವಾಗ ಬೀದಿಯ ಅರ್ಧ ಅಗಲವನ್ನು ಮಾತ್ರ ಮುಚ್ಚಬೇಕು. ಬೀದಿ ವ್ಯಾಪಾರಿಗಳಿಗೆ ಬದಲಿ ಜಾಗ ತೋರಿಸಿ, ಕೆಲಸ ಮುಗಿದ ಕೂಡಲೆ ಹಳೆಯ ಜಾಗವನ್ನೇ ಹಿಂದಕ್ಕೆ ಕೊಡಬೇಕು. ಅಂದಚೆಂದದ ನೆವದಲ್ಲಿ ಅವರನ್ನು ಎಬ್ಬಿಸಲು ಇದು ದಾರಿಯಾಗಕೂಡದು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರ ಬೆನ್ನಿಗಿದೆ. ನಾಲ್ಕನೆಯದು, ಬೂದಿ ಮಾರಿ ಬಂದ ಹಣದಲ್ಲಿ ಒಂದು ಭಾಗ ಗಿರಣಿ ಕಾರ್ಮಿಕರ ಆರೋಗ್ಯ ನಿಧಿಗೆ ಸಲ್ಲಬೇಕು.

ಲೆಕ್ಕ ನೋಡುವ ಹಕ್ಕು ಜನರಿಗಿರಲಿ. ಅದಕ್ಕೆ ಬೇಕಾದ ಉಪಕರಣವೂ ಸುಲಭದ್ದು: ಒಂದಡಿ ಅಗಲದ ತಗಡಿನ ಬಳೆ, ಸಂದಿಗೆ ಮೆತ್ತಲು ಸ್ವಲ್ಪ ಪುಟ್ಟಿ, 18 ಲೀಟರು ನೀರು, ಒಂದು ಗಡಿಯಾರ. ಬಳೆಯನ್ನು ಬೀದಿಯ ಮೇಲೆ ಅಂಟಿಸಿ ನೀರು ಸುರಿದು ಎಷ್ಟು ಹೊತ್ತಿಗೆ ಇಂಗಿತೆಂದು ಬರೆದುಕೊಳ್ಳಬೇಕು. ಹಾಸಿದ ದಿನ ಒಮ್ಮೆ, ಆರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ. ಬಿಲ್ಲು ಪಾಸಾಗುವ ಮುನ್ನ ವರ್ತಕರ ಸಂಘದಿಂದ ಒಬ್ಬರು, ಕಾರ್ಮಿಕ ಸಂಘದಿಂದ ಒಬ್ಬರು ಎದುರು ನಿಂತು ಈ ಪರೀಕ್ಷೆಗೆ ಸಹಿ ಹಾಕಲಿ. ನೀರು ಇಳಿಯದಿದ್ದರೆ ಹಣವೂ ಇಳಿಯಬಾರದು.

ಗಿರಣಿಯ ಗೆಳೆಯರಿಗೂ ಅಂಗಡಿಯ ಗೆಳೆಯರಿಗೂ ಒಂದು ಮಾತು. ನಿಮ್ಮಿಬ್ಬರನ್ನು ಬೇರೆ ಬೇರೆ ನಿಲ್ಲಿಸಿ ಮಾತಾಡಿಸುವುದರಲ್ಲಿ ಆಳುವವರ ಜಾಣತನವಿದೆ. ಒಬ್ಬರ ಎದೆಗೆ ದೂಳು, ಇನ್ನೊಬ್ಬರ ಮೂಟೆಗೆ ನೀರು. ಎರಡಕ್ಕೂ ಕಾರಣ ಒಂದೇ ಅವಿಚಾರ. ಮುಂದಿನ ಆಯವ್ಯಯ ಸಭೆಗೆ ಮುಂಚೆ ಎರಡೂ ಸಂಘದವರು ಕೂಡಿ ಒಂದೇ ಮನವಿಗೆ ಸಹಿ ಹಾಕಿ ಅಧ್ಯಕ್ಷರ ಮೇಜಿನ ಮೇಲಿಡಬೇಕು. ಉತ್ತರ ಬಾರದಿದ್ದರೆ ಸಭೆಯ ಬಾಗಿಲಲ್ಲಿ ಶಾಂತವಾಗಿ ಕೂರಲು ನಮ್ಮ ಪಕ್ಷದ ಕಾರ್ಯಕರ್ತರೂ ಜತೆಗಿರುತ್ತಾರೆ. ಪೇಟೆಯ ಮೇಲೆ ಬೀಳುವ ಮಳೆ ಊರಿನ ಆಸ್ತಿ. ಅದನ್ನು ಊರಿನಲ್ಲೇ ಉಳಿಸಿಕೊಳ್ಳುವ ಕೆಲಸ ಒಂದು ಬೀದಿಯಿಂದ ಮೊದಲಾಗಲಿ.